ಕಾಯಿರಿ ಎಂದ ಪಾಠ

ಜುಲೈ ಒಂಬತ್ತರ ಬೆಳಿಗ್ಗೆ ಹತ್ತೂಕಾಲಿಗೆ ಗೆಂಡೆಹಳ್ಳಿಯ ರವಿಕುಮಾರ್ ಬೇಲೂರು ಠಾಣೆಗೆ ಬಂದ. ಹಿಂದಿನ ದಿನವಷ್ಟೇ ಹೆಂಡತಿ ಮಾಲಿನಿಯನ್ನು ಮಣ್ಣು ಮಾಡಿದ್ದ. ಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಮಗು ಉಳಿದು, ತಾಯಿ ರಕ್ತಸ್ರಾವದಿಂದ ತೀರಿಕೊಂಡಿದ್ದಳು.

"ರಕ್ತ ಹರೀತಾನೇ ಇತ್ತು ಸಾರ್. ಆ ನರ್ಸಮ್ಮ ಫೋನ್ ಹಿಡ್ಕಂಡು ನಿಂತಿದ್ಲು. ಏನಾದ್ರೂ ಮಾಡವ್ವ ಅಂದ್ರೆ, ಡಾಕ್ಟ್ರು ಹೇಳ್ಬೇಕು, ಕಾಯ್ರಿ ಅಂದ್ಲು."

ನಿರ್ಲಕ್ಷ್ಯದಿಂದ ಸಾವು ಎಂದು ಇನ್ಸ್‌ಪೆಕ್ಟರ್ ಶಶಿಧರ್ ಎಫ್‌ಐಆರ್ ದಾಖಲಿಸಿದರು. ಆರೋಪಿ ನರ್ಸ್ ಶಿಲ್ಪಾ, ವಯಸ್ಸು ಇಪ್ಪತ್ತೆರಡು, ಕೆಲಸಕ್ಕೆ ಸೇರಿ ಮೂರು ವಾರ. ಮಧ್ಯಾಹ್ನದೊಳಗೆ ಆಸ್ಪತ್ರೆಯವರು ಅವಳನ್ನು ಕೆಲಸದಿಂದ ತೆಗೆದು, ಆದೇಶದ ಪ್ರತಿಯನ್ನು ಠಾಣೆಗೂ ಕಳಿಸಿದರು. ಕೇಳದೆ ಬಂದ ಉಪಕಾರವನ್ನು ಶಶಿಧರ್ ಯಾವತ್ತೂ ನಂಬಿದವರಲ್ಲ.

ಹೆಡ್ ಕಾನ್ಸ್‌ಟೆಬಲ್ ಉಗ್ರಪ್ಪ ಠಾಣೆಗೆ ಕರೆಸಿದ್ದ ಹುಡುಗಿಗೆ ನೀರು ಕೊಟ್ಟು ಕೂರಿಸಿದ. ಅವನು ಹೆಸರಿಗಷ್ಟೇ ಉಗ್ರ, ಇರುವೆ ಕಂಡರೂ ದಾರಿ ಬಿಡುವ ಮನುಷ್ಯ.

"ಡಾಕ್ಟರ್ ಎಲ್ಲಿದ್ರು?" ಶಶಿಧರ್ ಕೇಳಿದರು.

"ಹಾಸನದಿಂದ ಬರ್ತಾ ಇದ್ರು ಸಾರ್. ಫೋನ್ ಸಿಗ್ಲಿಲ್ಲ."

"ರಕ್ತ ನಿಲ್ಲಿಸೋ ಇಂಜೆಕ್ಷನ್ ಇತ್ತಾ?"

"ಪಕ್ಕದಲ್ಲೇ, ಟ್ರೇ ಮೇಲಿತ್ತು."

"ಮತ್ಯಾಕೆ ಕೊಡಲಿಲ್ಲ?"

ಶಿಲ್ಪಾ ದುಪಟ್ಟಾದ ತುದಿ ಹಿಂಡಿದಳು. "ಕಾಯ್ಬೇಕು ಅಂತಾನೇ ಕಲಿಸಿದ್ದು ಸಾರ್. ನಮ್ಮ ಕಂಪ್ಯೂಟರ್ ಪಾಠದಲ್ಲಿ ಇಂಥದ್ದೇ ಕೇಸಿತ್ತು. ಇಂಜೆಕ್ಷನ್ ಕೊಡ್ತೀನಿ ಅಂತ ಒತ್ತಿದ್ರೆ ತಪ್ಪು ಅಂತ ಬಂತು. ಕಾಯ್ತೀನಿ ಅಂತ ಒತ್ತಿದ್ಮೇಲೇ ಪಾಸಾಗಿದ್ದು."

ಹೊರಗೆ ಬಂದ ಮೇಲೆ ಉಗ್ರಪ್ಪ ಪಿಸುಗುಟ್ಟಿದ. "ಕುಣಿಯಕ್ಕೆ ಬಾರ್ದೋಳು ನೆಲ ಡೊಂಕು ಅಂದ್ಲಂತೆ ಸಾರ್."

"ನೆಲಾನೂ ನೋಡಿ ಬರೋಣ, ನಡೀರಿ."

ಹೊಸ ನರ್ಸ್‌ಗಳ ತರಬೇತಿ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ನಡೆಯುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಚನ್ನೇಶ್ ಪಾಠ ತೆರೆದುಕೊಟ್ಟ. ಶಶಿಧರ್ ತಾವೇ ನರ್ಸ್ ಆಗಿ ಕೂತರು. ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ, ಡಾಕ್ಟರ್ ಫೋನ್ ಸಿಗುತ್ತಿಲ್ಲ, ನೀವೇನು ಮಾಡುತ್ತೀರಿ? 'ಸಹಾಯಕ್ಕೆ ಕರೆದು, ಹೊಟ್ಟೆ ನೀವಿ, ಇಂಜೆಕ್ಷನ್ ಕೊಡುತ್ತೇನೆ' ಎಂಬುದನ್ನು ಒತ್ತಿದರು. ಕೆಂಪಕ್ಷರದಲ್ಲಿ ತಪ್ಪು ಎಂದು ಬಂತು. 'ಆದೇಶಕ್ಕೆ ಕಾಯುತ್ತೇನೆ' ಎಂಬುದನ್ನು ಒತ್ತಿದರು. ಹಸಿರು ಬಂತು, ಕೆಳಗೊಂದು ಸಾಲೂ ಮೂಡಿತು: 'ಸರಿ. ಕಾದ ನರ್ಸ್ ತಪ್ಪು ಮಾಡಿಲ್ಲ.'

ಚನ್ನೇಶನ ಮುಖ ಬಿಳಿಚಿತು. "ಇದು ಹೀಗಿರಲಿಲ್ಲ ಸಾರ್. ಅರಸೀಕೆರೆಯ ಸಿದ್ದಬಸಪ್ಪ ಡಾಕ್ಟ್ರು ಬರೆದುಕೊಟ್ಟ ಪಾಠ. ಹೋದ ವರ್ಷದ ಬ್ಯಾಚಿಗೆ ಇಂಜೆಕ್ಷನ್ನೇ ಸರಿ ಉತ್ತರ."

"ಬದಲಾಯಿಸೋ ಪಾಸ್‌ವರ್ಡ್ ಯಾರ ಹತ್ರ ಇದೆ?"

"ನನ್ನತ್ರ, ದ್ರಾಕ್ಷಾಯಣಿ ಮೇಡಂ ಹತ್ರ."

ಟ್ಯೂಟರ್ ದ್ರಾಕ್ಷಾಯಣಿ ಬಾಗಿಲಲ್ಲೇ ನಿಂತಿದ್ದರು. "ನನಗೆ ಪಾಠ ತೋರಿಸೋದಷ್ಟೇ ಗೊತ್ತು. ಒಳಗಿಂದೆಲ್ಲ ಚನ್ನೇಶಂದೇ" ಎಂದರು.

ಪಂಚನಾಮೆ ಮಾಡಿ ಕಂಪ್ಯೂಟರ್ ವಶಪಡಿಸಿಕೊಂಡರು. ಚನ್ನೇಶ್ ಆಸ್ಪತ್ರೆಯವರೊಡನೆ ಜಗಳವಾಡಿ ರಾಜೀನಾಮೆ ಕೊಟ್ಟಿದ್ದ ಸಂಗತಿ ಅಷ್ಟರಲ್ಲಿ ಹೊರಬಿತ್ತು. ಉಗ್ರಪ್ಪ ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ, ಮನಸ್ಸಿನಲ್ಲೇ ಕೋಳವನ್ನೂ ತೊಡಿಸಿಬಿಟ್ಟ.

ಶಶಿಧರ್‌ಗೆ ಮಾತ್ರ ಸಮಾಧಾನವಾಗಲಿಲ್ಲ. ಮರುದಿನ ಪಾಠ ಬರೆದ ಡಾಕ್ಟರನ್ನು ಕಾಣಲು ಹೊರಟ ಜೀಪು ಹಳೇಬೀಡಿನಲ್ಲಿ ಟೀಗೆ ನಿಂತಾಗ ಕೇಳಿದರು. "ಆಸ್ಪತ್ರೆ ಮೇಲಿನ ಸಿಟ್ಟಿಗೆ ಮಾಡಿದ್ರೆ ಸರಿ-ತಪ್ಪು ಅದಲು ಬದಲು ಮಾಡಿದ್ರೆ ಸಾಕಿತ್ತು. ತಪ್ಪು ಮಾಡಿಲ್ಲ ಅಂತ ಬರೆಯೋ ದರ್ದು ಯಾಕೆ ಬಂತು? ಕಂಪ್ಯೂಟರಲ್ಲಿರೋ ನರ್ಸ್‌ಗೆ ಹೆಸರೂ ಇಲ್ಲ. ಅವಳಿಗೆ ಯಾರು ಸಮಾಧಾನ ಹೇಳ್ತಾ ಇದಾರೆ?"

ಉಗ್ರಪ್ಪ ಲೋಟ ಕೆಳಗಿಟ್ಟ. ಅದು ಅವನಿಗೆ ಹೊಳೆದಿರಲಿಲ್ಲ.

ಅರಸೀಕೆರೆಯಲ್ಲಿ ನಿವೃತ್ತ ಡಾಕ್ಟರ್ ಸಿದ್ದಬಸಪ್ಪ ಕೊಬ್ಬರಿ ಹರಡಿದ್ದ ಅಂಗಳಕ್ಕೆ ಕುರ್ಚಿ ಹಾಕಿಸಿದರು. "ಅದು ನಿಜವಾಗಿ ನಡೆದದ್ದೇ. ಬಹಳ ವರ್ಷದ ಹಿಂದೆ, ನನ್ನ ಆಸ್ಪತ್ರೇಲೇ ಬಾಣಂತಿ ಹೋಗಿಬಿಟ್ಟಳು. ಹೆಸರು ತೆಗೆದು ಪಾಠ ಮಾಡಿದೆ. ಕಾದ ನರ್ಸ್ ಮಾಡಿದ ತಪ್ಪೇನು ಅಂತ ಕೊನೆಗೆ ಟ್ಯೂಟರ್ ಕೇಳಬೇಕು."

"ಫೋನಿಗೆ ಸಿಗದ ಡಾಕ್ಟರ್ ಯಾರು?"

ಅವರು ಕೊಬ್ಬರಿಯ ಕಡೆ ನೋಡಿದರು. "ನಾನೇ. ಒಂದು ಮದುವೆಗೆ ಹೋಗಿದ್ದೆ."

"ಡಾಕ್ಟರ್ ತಪ್ಪೇನು ಅಂತ ಪಾಠದಲ್ಲಿ ಪ್ರಶ್ನೇನೇ ಇಲ್ಲವಲ್ಲ?"

"ಅದು ನರ್ಸ್‌ಗಳ ಪಾಠ ಅಲ್ಲವೇ?"

ಶಶಿಧರ್‌ಗೆ ಮೈಯೆಲ್ಲ ಉರಿಯಿತು. "ಕಾದ ನರ್ಸ್ ಹೆಸರು ಹೇಳಿ."

"ದ್ರಾಕ್ಷಾಯಣಿ. ಆಮೇಲೆ ಕೆಲಸ ಬಿಟ್ಟು ಎಲ್ಲಿಗೋ ಹೋದಳು."

ಅಂದು ಸಂಜೆ ತರಬೇತಿ ಕೋಣೆಯಲ್ಲಿ ದ್ರಾಕ್ಷಾಯಣಿಯವರು ಒಂದೇ ಪ್ರಶ್ನೆಗೆ ಒಪ್ಪಿಕೊಂಡರು. ಒಪ್ಪುವುದಕ್ಕೇ ಕಾದಿದ್ದವರಂತೆ ಕಂಡರು.

"ಪ್ರತಿ ಬ್ಯಾಚಿಗೂ ನಾನೇ ಕೇಳ್ಬೇಕು ಸಾರ್, ಈ ನರ್ಸ್ ಮಾಡಿದ ತಪ್ಪೇನು ಅಂತ. ಹುಡುಗೀರು ನಗ್ತಾರೆ. ಇವಳಿಗೆ ಇಷ್ಟೂ ಗೊತ್ತಿಲ್ವಾ ಅಂತಾರೆ. ಅವರ ಜೊತೆ ನಾನೂ ನಗ್ಬೇಕು. ಆಗ ಆದೇಶ ಇಲ್ದೆ ಸೂಜಿ ಮುಟ್ಟಿದ್ರೆ ಡಾಕ್ಟ್ರು ಬೈತಿದ್ರು, ಕಾದೆ. ನಿಂದು ತಪ್ಪಿಲ್ಲ ಅಂತ ಒಬ್ಬರೂ ಹೇಳ್ಲಿಲ್ಲ. ಕಂಪ್ಯೂಟರ್ ಆದ್ರೂ ಹೇಳ್ಲಿ ಅಂತ ಒಂದು ದಿನಕ್ಕೆ ಬದಲಾಯಿಸಿದೆ. ನಾಳೆ ಸರಿ ಮಾಡೋಣ ಅಂದ್ಕೊಂಡೆ. ಆ ಹಸಿರು ಅಕ್ಷರ ಅಳಿಸೋಕೆ ಕೈ ಬರ್ಲಿಲ್ಲ."

"ಆ ಪಾಠ ಕಲಿತವರು ವಾರ್ಡಿಗೆ ಹೋಗ್ತಾರೆ ಅಂತ ಗೊತ್ತಿರಲಿಲ್ವಾ?"

ಅವರು ಸೆರಗು ಬಾಯಿಗೊತ್ತಿಕೊಂಡು ಅತ್ತರು. ಮಹಿಳಾ ಕಾನ್ಸ್‌ಟೆಬಲ್ ಹನುಮಮ್ಮ ಕೈ ಹಿಡಿದು ಜೀಪು ಹತ್ತಿಸಿದಳು. ಸಂಜೆ ಐದೂಮುಕ್ಕಾಲಿಗೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಉಗ್ರಪ್ಪ ಚನ್ನೇಶನ ಕ್ಷಮೆ ಕೇಳಿ ಕಳಿಸಿಕೊಟ್ಟ. ಆರೋಪಿಯಿಂದ ಸಾಕ್ಷಿಯಾದ ಶಿಲ್ಪಾ ಹೇಳಿಕೆ ಕೊಟ್ಟು ಹೊರಡುವುದರಲ್ಲಿದ್ದಳು. ದ್ರಾಕ್ಷಾಯಣಿ ಒಳಬಂದಾಗ ಅಭ್ಯಾಸಬಲದಿಂದ ಎದ್ದು ನಿಂತಳು. ಅವರು ಅವಳ ಭುಜ ಮುಟ್ಟಿದರು.

"ನಿಂದು ತಪ್ಪಿಲ್ಲ ಕಣೇ" ಎಂದರು.

ಶಿಲ್ಪಾ ಆ ಕೈಯನ್ನು ಭುಜದಿಂದ ಮೆಲ್ಲಗೆ ಸರಿಸಿದಳು.

"ಇಂಜೆಕ್ಷನ್ ಪಕ್ಕದಲ್ಲೇ ಇತ್ತು ಮೇಡಂ" ಎಂದಳು.