ಅಗಸೆ ಎಣ್ಣೆಯ ನೆಲ

"ಅವಳಿಗೆ ಮನೆ ತುಂಬಾ ಹಿಡಿಸಿಬಿಡ್ತು. ನೆಲದ ಕೆಲಸ ಮುಗಿದ ಕೂಡಲೇ ಬಂದುಬಿಡ್ತಾಳೆ," ಎಂದಿದ್ದ ಗಂಡ ವಾರದ ಹಿಂದೆ, ಹೊಸ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು. "ನೀನು ತಂಗಿ ಮನೇಲೇ ಇರು. ಮನೆ ನನ್ನ ಹೆಸರಲ್ಲಿದೆ, ಸುಮ್ನೆ ರಂಪ ಮಾಡ್ಬೇಡ."

ಊರಾಚೆಯ ಆ ಮನೆ ಮೊದಲು ಗಾಜು, ಕಾಂಕ್ರೀಟಿನ ತಣ್ಣನೆಯ ಪೆಟ್ಟಿಗೆಯಂತಿತ್ತು. ಹೊಳೆಯುವ ಟೈಲ್ಸ್ ಕೀಳಿಸಿ ಮರದ ಹಲಗೆ ಹಾಸಿಸಿದವಳು ಹೆಂಡತಿ. ಗೋಡೆಗೆ ಮಣ್ಣು, ಸುಣ್ಣ ಬಳಿದು ಬಳಿದು ಅವಳ ಬೆರಳುಗಳು ಬಿರಿದಿದ್ದವು. ನಾರಿನ ಚಾಪೆ, ನೂಲಿನ ಪರದೆ, ಬಂದವರು ಹಾಗೇ ಒರಗಿಬಿಡುವಂಥ ದಿಂಬುಗಳು. ಆ ದಿಂಬಿಗೆ ಇನ್ನೊಬ್ಬಳು ತಲೆಯಿಡುವುದನ್ನು ನೆನೆದಾಗೆಲ್ಲ ಎದೆಗೆ ಕೆಂಡ ಸುರಿದಂತಾಗುತ್ತಿತ್ತು. ತನಗಿಲ್ಲದ ಮನೆ ಯಾರಿಗೂ ಇರಕೂಡದು.

ಬೆಂಕಿಕಡ್ಡಿ ಬೇಕಿರಲಿಲ್ಲ. ನೆಲಕ್ಕೆ ಹಚ್ಚುವ ಅಗಸೆ ಎಣ್ಣೆಯ ಡಬ್ಬದ ಮೇಲೇ ಉಪಾಯ ಅಚ್ಚಾಗಿತ್ತು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಇಡಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಂಡೀತು. ಬಡಗಿ ಕೊನೆಯ ಕೋಣೆಗೆ ಎಣ್ಣೆ ಹಚ್ಚಿ, ಬಟ್ಟೆಗಳನ್ನು ಬೇಲಿಯ ಮೇಲೆ ಹರವಿ ಹೋಗಿದ್ದ. ಅವಳು ಮಧ್ಯಾಹ್ನ ಹಿತ್ತಲ ಬಾಗಿಲಿಂದ ಒಳಸೇರಿದಳು. ಆ ಬಟ್ಟೆಗಳನ್ನೇ ಮತ್ತೆ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಮುದ್ದೆಮಾಡಿ ಸೋಫಾದಡಿ, ಹೊಸ ಕುರ್ಚಿಗೆ ಸುತ್ತಿ ಬಂದಿದ್ದ ಒಣಹುಲ್ಲಿನ ನಡುವೆ ಒತ್ತಿಟ್ಟಳು. ಬಡಗಿಯ ಅಜಾಗರೂಕತೆ ಎಂದು ಜನ ತಲೆಯಾಡಿಸುತ್ತಾರೆ, ಅಷ್ಟೆ. ಅವನು ಬಾಯಿತುಂಬ "ಅಕ್ಕಾವ್ರೇ" ಎನ್ನುತ್ತಿದ್ದದ್ದು ಮಾತ್ರ ಒಂದು ಕ್ಷಣ ಚುಚ್ಚಿತು. ಅವಳು ಆ ಯೋಚನೆಯನ್ನೂ ಹುಲ್ಲಿನಡಿಗೇ ತಳ್ಳಿದಳು.

"ಪಾರ್ಕಲ್ಲಿ ಕೂತಿದ್ದೆ," ಎಂದಳು ತಂಗಿಗೆ.

"ಇಷ್ಟ್ಹೊತ್ತಾ? ಯಾವ ರಾಜಕುಮಾರ ಸಿಕ್ಕಿದ್ದನಕ್ಕಾ, ಮುಖ ಹೀಗೆ ಕೆಂಪಾಗಿದೆ!"

ರಾತ್ರಿ ಗಂಡ ಬಂದ. ಮೈಯೆಲ್ಲ ಬೂದಿ, ಜೊತೆಗೆ ಇನ್‌ಸ್ಪೆಕ್ಟರ್.

"ಎಲ್ಲಾ ಹೋಯ್ತು ಕಣೇ. ಗೋಡೆ ಬಿಟ್ರೆ ಏನೂ ಉಳಿದಿಲ್ಲ."

ಅಳುವುದನ್ನು ಅವಳು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದಳು, ಬೇಕಾಗಲಿಲ್ಲ. ತಾನೇ ಹೊಲಿದ ದಿಂಬುಗಳಿಗಾಗಿ ನಿಜವಾದ ಕಣ್ಣೀರೇ ಬಂತು.

"ನೀವು ಅಲ್ಲಿಗೆ ಹೋಗಿ ಎಷ್ಟು ದಿನ ಆಯ್ತಮ್ಮಾ?"

"ವಾರ ಆಯ್ತು ಸಾರ್. ಎಣ್ಣೆ ಕೆಲಸ ಎಲ್ಲಾ ಆ ಬಡಗೀದೇ. ನಾನದನ್ನ ಕೈಯಿಂದ ಮುಟ್ಟಿಯೂ ಇಲ್ಲ."

"ಸರಿ, ಅವನನ್ನ ವಿಚಾರಿಸ್ತೀವಿ," ಎಂದು ಇನ್‌ಸ್ಪೆಕ್ಟರ್ ಏಳುವುದಕ್ಕೂ, ತಂಗಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಕೋಣೆಯಿಂದ ಓಡಿಬರುವುದಕ್ಕೂ ಸರಿಹೋಯಿತು. "ಅಕ್ಕಾ, ಬೀರು ಒಳಗಿಂದ ಹೊಗೆ! ನಿನ್ನ ಚೀಲ ಕಣೇ, ನಿನ್ನ ಚೀಲ!" ಇನ್‌ಸ್ಪೆಕ್ಟರ್ ಕಂಬಳಿಗಳನ್ನು ಸರಿಸಿ ಚೀಲವನ್ನು ನೆಲಕ್ಕೆ ಕೊಡವಿದ. ಸೀರೆಗೆ ಕಲೆಯಾಗಬಾರದೆಂದು ಅವಳು ಮಧ್ಯಾಹ್ನ ಕಟ್ಟಿಕೊಂಡಿದ್ದ, ಕೈಯೊರೆಸಿ ಒರೆಸಿ ಎಣ್ಣೆ ಕುಡಿದಿದ್ದ ಏಪ್ರನ್ ಹೊರಬಿತ್ತು. ವಾಸನೆ ಹೊರಬಾರದಿರಲೆಂದು ತಾನೇ ಬಿಗಿಯಾಗಿ ಸುತ್ತಿ, ಕಂಬಳಿಗಳಡಿ ತುರುಕಿದ್ದಳು. ಅದರ ನಡುಮಡಿಕೆ ಕಪ್ಪಾಗಿ, ಅಂಚು ಕೆಂಪಗೆ ಮಿನುಗುತ್ತಿತ್ತು. ಕೋಣೆಯ ತುಂಬ ಹೊಸದಾಗಿ ಎಣ್ಣೆ ಹಚ್ಚಿದ ನೆಲದ ವಾಸನೆ.