ಏರಿದ ಎದೆಬಡಿತಕ್ಕೊಂದು ಸವಾಲು

"ತಪ್ಪು! ನಿಮ್ಮ ಮೆಷಿನ್ನೇ ಸರಿಯಿಲ್ಲ. ಇನ್ನೊಂದ್ಸಲ ನೋಡಿ!"

ಅವಳು ಹೊದಿಕೆ ಬಿಗಿಹಿಡಿದು ಆಸ್ಪತ್ರೆಯ ಮಂಚದಿಂದ ಅರ್ಧ ಎದ್ದೇಬಿಟ್ಟಿದ್ದಳು. ಕೈಕಾಲಿಗೆ ಅಂಟಿಸಿದ್ದ ತಂತಿಗಳು ಜಗ್ಗಿದವು.

ಇಸಿಜಿ ತೆಗೆಯುವ ಟೆಕ್ನಿಷಿಯನ್ ಗಾಬರಿಯಾಗಲಿಲ್ಲ. "ಆಗಲೇ ನೋಡಿ ಆಯ್ತಲ್ಲ ಮೇಡಂ. ಎದೆಬಡಿತ ನೂರಾ ಇಪ್ಪತ್ತು. ಕಾಫಿ ಕುಡಿದು ಬಂದ್ರಾ?"

"ಇಲ್ಲ."

"ಮೆಟ್ಟಿಲು ಹತ್ತಿ ಬಂದ್ರಾ?"

"ದಿನಾ ಹತ್ತೋದೇ ನನ್ನ ಕೆಲಸ!"

"ಹಾಗಾದ್ರೆ... ಭಯಾನಾ?"

ಭಯ! ಅದೂ ಇವಳಿಗೆ!

ಕಟ್ಟಡದ ನೆತ್ತಿಗಿಂತ ಮೇಲೆ, ಗಾಳಿಗೆ ತೂಗುವ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು ಉಕ್ಕಿನ ತೊಲೆಗಳನ್ನು ಎತ್ತಿ ಇಳಿಸುವವಳು ಅವಳು. ಕೆಳಗಿನ ಕೆಲಸಗಾರರು ಅವಳನ್ನು 'ಮೇಲ್ಮನೆ' ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಬೇಕಾದ ಈ ಆರೋಗ್ಯ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಆ ಗೂಡು ಇನ್ನೊಬ್ಬರ ಪಾಲು. ಅವಳಿಗೆ ಉಗ್ರಾಣದ ಮೂಲೆಯ ಕುರ್ಚಿ.

ನಿಜ ಹೇಳಬೇಕೆಂದರೆ, ಇವನು ಬರುವವರೆಗೂ ಅವಳ ಎದೆ ತೆಪ್ಪಗಿತ್ತು. ತಣ್ಣನೆಯ ಜೆಲ್ ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಿ ಬೆಚ್ಚಗೆ ಮಾಡಿ, "ಚಳಿ ತಾಗಬಾರ್ದು ನೋಡಿ" ಎಂದನಲ್ಲ... ಅಲ್ಲಿಂದ ಶುರುವಾಗಿತ್ತು ಈ ಓಟ!

ಅವನು ಮೆಲ್ಲಗೆ ತಂತಿ ಬಿಡಿಸಿದ. "ನಾಳೆ ಬನ್ನಿ. ನಿಮ್ಮ ಪರೀಕ್ಷೆ ನಾನು ಮಾಡಲ್ಲ. ದೊಡ್ಡ ಸಿಸ್ಟರ್ ನೋಡ್ತಾರೆ."

ಮುಖ ಎತ್ತಿಯೂ ನೋಡಲಿಲ್ಲ.

'ಎಂಥಾ ಅಸಡ್ಡೆ! ಆಗಲೇ ನನ್ನನ್ನು ಫೇಲ್ ಮಾಡಿಬಿಟ್ಟಿದ್ದಾನೆ...'

ಮನೆಯಲ್ಲಿ ಅತ್ತಿಗೆಯದು ಹಳೆಯ ಮಾತೇ. "ಸಾಕು ಕಣೇ, ಇಳಿದು ಬಾ. ಹೆಣ್ಣಿಗೆ ಅಷ್ಟೆತ್ತರ ಯಾಕೆ?"

"ಎತ್ತರಕ್ಕೆ ಗಂಡು ಹೆಣ್ಣು ಅಂತ ಗೊತ್ತಾಗುತ್ತಾ ಅತ್ತಿಗೆ? ನಾನು ಇಳಿಯಲ್ಲ!"

ಅತ್ತಿಗೆ ಗೊಣಗಿದಳು. ಗೊಣಗುತ್ತಲೇ ನಾದಿನಿಯ ಕೆಲಸದ ಬಟ್ಟೆಗೆ ಇಸ್ತ್ರಿ ಹಾಕಿಟ್ಟಳು.

ಮರುದಿನ ದೊಡ್ಡ ಸಿಸ್ಟರ್ ಕನ್ನಡಕ ಏರಿಸಿಕೊಂಡು ಪರದೆ ನೋಡಿದರು. "ಎಪ್ಪತ್ತು! ಗಡಿಯಾರದ ಹಾಗೆ ಹೊಡ್ಕೊಳ್ತಿದೆಯಲ್ಲಮ್ಮಾ!"

ಅಷ್ಟರಲ್ಲಿ ಬಾಗಿಲು ತೆರೆಯಿತು. "ಸಿಸ್ಟರ್, ಪೇಪರ್ ರೋಲ್..."

ಮೆಷಿನ್ ಒಮ್ಮೆಲೇ ಕೂಗತೊಡಗಿತು. ತೊಂಬತ್ತು... ನೂರು... ನೂರಾ ಹದಿನೈದು!

"ಅಯ್ಯೋ, ಹೋದೆ ಹೋದೆ!" ಅವನು ಹಿಂದೆ ಸರಿದ. "ನನ್ನ ಕಂಡ್ರೆ ಇವರಿಗೆ ಭಯ ಸಿಸ್ಟರ್. ನನ್ನಿಂದಾಗಿ ಇವರ ಕೆಲಸ ಹೋಗ್ಬಾರ್ದು ಅಂತಾನೇ ನಿಮಗೆ ಒಪ್ಪಿಸಿದ್ದು."

ಅವಳು ದಂಗಾದಳು. ಅಸಡ್ಡೆಯಲ್ಲ... ಕಾಳಜಿ! ಇಡೀ ರಾತ್ರಿ ತಾನು ಬೈದದ್ದು ಇವನನ್ನೇ?

"ನೀನು ನಡಿ ಮಾರಾಯ. ಎಪ್ಪತ್ತು ಅಂತ ಬರೆದು ಸಹಿ ಹಾಕ್ತೀನಿ," ಎಂದರು ಸಿಸ್ಟರ್.

ಸುಮ್ಮನಿದ್ದರೆ ಎಲ್ಲ ಮುಗಿದೇಹೋಗುತ್ತಿತ್ತು. ಅವಳು ಸುಮ್ಮನಿರಲಿಲ್ಲ.

"ಸಹಿ ಬೇಡ! ಅವರು ಇಲ್ಲೇ ನಿಲ್ಲಲಿ. ಎದೆಬಡಿತ ಏರಿದ್ರೆ ತಪ್ಪಾ?"

"ತಪ್ಪಲ್ಲ..." ಅವನು ತಡವರಿಸಿದ. "ಓಡಿದ್ರೆ, ಸಿಟ್ಟು ಬಂದ್ರೆ, ಖುಷಿಯಾದ್ರೂ ಏರುತ್ತೆ. ಆಮೇಲೆ ಇಳಿಯುತ್ತಾ ಅನ್ನೋದನ್ನ ನೋಡ್ಬೇಕು."

"ಹಾಗಾದ್ರೆ ನೀವಿರುವಾಗಲೇ ಇಳಿಸ್ತೀನಿ. ನಾಳೆ ತೊಲೆ ಗಾಳಿಯಲ್ಲಿ ನೇತಾಡ್ತಿರುವಾಗ ನಿಮ್ಮ ನೆನಪು ಬಂದ್ರೆ, ಸಿಸ್ಟರ್ ಅಲ್ಲಿಗೆ ಬಂದು ನಿಮ್ಮನ್ನ ಹೊರಗೆ ಕಳಿಸ್ತಾರಾ?"

"ನನ್ನ... ನೆನಪಾ?"

"ಹೂಂ! ಭಯ ಅಲ್ಲ ಕಣ್ರೀ. ನೀವು ನನಗೆ ಇಷ್ಟ. ಬೇಕಾದ್ರೆ ಅದನ್ನೂ ಬರ್ಕೊಳ್ಳಿ!"

ನೂರಾ ಮೂವತ್ತು!

ಅವಳು ಅವನ ಮುಖದಿಂದ ದೃಷ್ಟಿ ಕದಲಿಸಲಿಲ್ಲ. ಉಸಿರನ್ನು ಉದ್ದಕ್ಕೆ, ನಿಧಾನಕ್ಕೆ ಬಿಟ್ಟಳು, ಕೆಳಗೆ ಕಾದಿರುವ ಕೈಗಳತ್ತ ತೊಲೆಯನ್ನು ಇಳಿಸುವ ಹಾಗೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ನೂರು... ತೊಂಬತ್ತು... ಎಪ್ಪತ್ತೆಂಟು.

"ಪಾಸ್!" ಸಿಸ್ಟರ್ ಸಹಿ ಗೀಚಿದರು. "ಕ್ರೇನಿಗೂ ಪಾಸ್, ಇವನಿಗೂ ಪಾಸ್!" ಬೇಕಿಲ್ಲದ ಟ್ರೇ ಒಂದನ್ನು ಎತ್ತಿಕೊಂಡು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದರು.

ಅವನು ಗೋಡೆಗೊರಗಿ ನಿಂತೇ ಇದ್ದ. "ನಿಮ್ಮದೇನೋ ಇಳಿದುಬಿಡ್ತು. ನಂದು... ನಿನ್ನೆಯಿಂದ ಇಳಿದೇ ಇಲ್ಲ."

ಅವಳು ಮಂಚದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು.

"ಬನ್ನಿ, ಕೂತ್ಕೊಳ್ಳಿ. ಅವಸರ ಏನೂ ಇಲ್ಲ... ನಿಧಾನಕ್ಕೆ ಇಳಿಸೋಣ."