ಬೀಗ ಹಾಕಿದ್ದ ಸುತ್ತಿಗೆ

ಮಾಡದ ತಪ್ಪಿಗೆ ಬೈಸಿಕೊಂಡದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಭೂವಿಜ್ಞಾನದ ವಿದ್ಯಾರ್ಥಿಗಳಾದ ನಾವು ಬೆಟ್ಟದಿಂದ ಇಳಿಯುವ ಹಿಂದಿನ ದಿನ. ಬಂಡೆ ಸಡಿಲವಾಗಿದೆಯೆಂದು ಮೇಷ್ಟ್ರು ನಮ್ಮ ಹನ್ನೆರಡೂ ಸುತ್ತಿಗೆಗಳನ್ನು ಪೆಟ್ಟಿಗೆಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದ್ದರು.

ಮಟಮಟ ಮಧ್ಯಾಹ್ನ ಬಂಡೆಯ ಹಿಂದಿನಿಂದ ಮೂರು ಏಟು ಕೇಳಿಸಿತು.

"ಏನಯ್ಯಾ, ಒಡೀಬೇಡ ಅಂದ್ರೆ ಕಿವಿಗೆ ಹೋಗಲ್ವಾ?" ಹಿಂದೆ ಉಳಿದಿದ್ದ ನನ್ನ ಮೇಲೆ ಮೇಷ್ಟ್ರು ಹರಿಹಾಯ್ದರು.

"ಸರ್, ನನ್ನ ಕೈ ಖಾಲಿ. ಕೀಲಿ ನಿಮ್ಮ ಹತ್ರಾನೇ ಇದೆಯಲ್ಲ!"

ಪೆಟ್ಟಿಗೆ ತೆರೆದರು. ಹನ್ನೊಂದು ಸುತ್ತಿಗೆಗಳು ತಣ್ಣಗಿದ್ದವು. ನನ್ನದರ ಮೊನೆಗೆ ಮಾತ್ರ ಆಗಷ್ಟೇ ಒಡೆದ ಕಲ್ಲಿನ ಪುಡಿ ಮೆತ್ತಿಕೊಂಡಿತ್ತು.

"ಇದೇನು ಮತ್ತೆ?" ಎಂದು ಅದನ್ನೆತ್ತಿ ಹಿಡಿದು ಗದರುವಾಗಲೇ ಬಂಡೆಯ ಹಿಂದೆ ಮತ್ತೆ ಮೂರು ಏಟು ಬಿತ್ತು. ಕೈಯಲ್ಲಿದ್ದ ಸುತ್ತಿಗೆ ಕೆಂಡದಂತೆ ಕಾದು, ಮೇಷ್ಟ್ರು ಚೀರಿ ಅದನ್ನು ಕೆಳಗೆ ಹಾಕಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಆ ಕೈಯಲ್ಲೇ ನನ್ನ ಐದು ಅಂಕ ಕಳೆದರು.